ನೂರಾ ಒಂದು ಹೊಡೆತ

ನಾನು ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು ಹೋದ ಗಿರಾಕಿ ಮೂವತ್ತು ವರ್ಷದ ವ್ಯಾಪಾರದಲ್ಲಿ ನನಗೆ ಸಿಕ್ಕಿದ್ದು ಒಬ್ಬರೇ. ಈ ಸಲದ ಮಳೆಗಾಲ ಹಿಡಿಯುವ ಮೊದಲು ಅವರು ಹೋಗಿಬಿಟ್ಟರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಹತ್ತರಗಿಯ ಸುತ್ತಮುತ್ತ ಅರ್ಧ ಜನ, "ಎರಡ ಹೊಡತಾ ನುಂಗಿದಾಂವ ಹೌದಲ್ಲೋ?" ಎಂದು ನಗುತ್ತಾರೆ. ಆ ನಗೆ ಎಲ್ಲಿಂದ ಹುಟ್ಟಿತು ಎಂಬುದು ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ.

ಯಮಕನಮರಡಿಯಲ್ಲಿ ಹೆದ್ದಾರಿಗೆ ಮುಖ ಮಾಡಿ ನನ್ನ ಅಂಗಡಿ. ಹಳೆಯ ಪಂಪ್‌ಸೆಟ್ಟು, ಪೈಪು, ಟ್ರ್ಯಾಕ್ಟರಿನ ಬಿಡಿಭಾಗ ಕೊಳ್ಳುವುದು, ಮಾರುವುದು. ಅಪ್ಪ ಬಿಟ್ಟುಹೋದದ್ದು ಒಂದು ಸೈಕಲ್ಲು. ಉಳಿದದ್ದೆಲ್ಲ ಬಾಯಿಂದ ಗಳಿಸಿದ್ದು. ಒಂದು ವರ್ಷ ಗೋಕಾಕದಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವುವಾಗ ಅದರ ಕಬ್ಬಿಣ, ಕಿಟಕಿ, ಬಾಗಿಲುಗಳನ್ನೆಲ್ಲ ಒಟ್ಟಿಗೆ ಹಿಡಿದು ತಂದೆ. ಅದರೊಳಗೆ ಉದ್ದನೆಯ ಚರ್ಮದ ಚೀಲವೊಂದಿತ್ತು. ಚೀಲದ ತುಂಬ ತುದಿ ಸೊಟ್ಟಗಿದ್ದ ಕೋಲುಗಳು. ಅಂಗಡಿಯ ಮುಂದೆ ಆನಿಸಿಟ್ಟೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಒಂದನ್ನು ಎತ್ತಿ ನೋಡಿ, "ಇದೇನ್ರಿ ಸಾವಕಾರ್ರ, ಹಿಡಕಿ ಐತಿ, ಚೂಪ ಇಲ್ಲ. ಕಸಾ ಕೀಳಾಕೂ ಬರೂದಿಲ್ಲ, ಎಮ್ಮಿ ಹೊಡ್ಯಾಕೂ ಬರೂದಿಲ್ಲ" ಎಂದು ಇಟ್ಟು ಹೋದ.

ಎರಡು ದಿನ ಬಿಟ್ಟು ಇವರು ಬಂದರು. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಬಿಳಿ ಮೀಸೆ, ಹಣೆಯ ಮೇಲೆ ಮೂರೆಳೆ ವಿಭೂತಿ. ಒಂದು ಕೋಲನ್ನು ಎರಡೂ ಕೈಯಿಂದ ಹಿಡಿದು, ಕಾಲು ಅಗಲಿಸಿ ನಿಂತು, ಇಲ್ಲದ ಚೆಂಡನ್ನು ಹೊಡೆದರು. ಗಾಳಿ ಸುಂಯ್ ಎಂದಿತು. ಕೊಳ್ಳುವವನ ಕಣ್ಣು ಸಾಮಾನಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿ ಬೆಲೆ ಹೇಳಬೇಕು. ವ್ಯಾಪಾರಕ್ಕೆ ಹೊಸದಾಗಿ ಇಳಿದವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು. ಅವರ ಕಣ್ಣು ಕದಲಲೇ ಇಲ್ಲ. ಬಾಯಿಗೆ ಬಂದ ಬೆಲೆ ಹೇಳಿದೆ, ಅರ್ಧಕ್ಕೆ ಇಳಿಸುತ್ತಾರೆ ಎಂಬ ಧೈರ್ಯದಿಂದ. ಅವರು ಎಣಿಸಿ ಕೊಟ್ಟರು.

"ಅಲ್ರಿ ಕಾಕಾ, ಒಂದ ಮಾತರ ಕೇಳಬೇಕಿಲ್ರಿ?" ಎಂದು ನಾನೇ ಕೇಳಿದೆ.

"ಮಾಲ ನಿಮ್ದು. ಬೆಲಿ ನೀವ ಹೇಳೀರಿ. ನಾ ಯಾಕ ಮಾತಾಡ್ಲಿ?"

ಆ ದಿನವೆಲ್ಲ ನನಗೆ ಸಮಾಧಾನವಿರಲಿಲ್ಲ. ಗೆದ್ದ ವ್ಯಾಪಾರ, ಆದರೂ ಎದುರಾಳಿಯೇ ಇರಲಿಲ್ಲ.

ಅಲ್ಲಿ ಇಲ್ಲಿ ವಿಚಾರಿಸಿ ತಿಳಿದುಕೊಂಡೆ. ಹತ್ತರಗಿಯವರು. ಹದಿನೇಳು ವರ್ಷ ಮಿಲ್ಟ್ರಿಯಲ್ಲಿದ್ದು ಬಂದವರು, ಈಗ ಹಿಡಕಲ್ ಆಣೆಕಟ್ಟಿನ ಮೇಲೆ ಗೇಟು ಎತ್ತುವ ಇಳಿಸುವ ಕೆಲಸ. ಮಿಲ್ಟ್ರಿಯಲ್ಲಿ ಅವರ ಪಾಲಿಗೆ ಬಂದದ್ದು ಬಂದೂಕಿಗಿಂತ ಹೆಚ್ಚಾಗಿ ಹುಲ್ಲು: ಅಧಿಕಾರಿಗಳ ಗಾಲ್ಫ್ ಮೈದಾನದ ಹುಲ್ಲು ಕತ್ತರಿಸುವುದು, ಅವರ ಕೋಲಿನ ಚೀಲ ಹೊರುವುದು. ಸೋಮವಾರ ಮೈದಾನಕ್ಕೆ ರಜೆ. ಆ ದಿನ ಕೆಲಸಗಾರರು ಆಡಬಹುದಾಗಿತ್ತು. ಅಲ್ಲಿ ಹಿಡಿದ ಹುಚ್ಚು. ಊರಿಗೆ ಬಂದ ಮೇಲೆ ಹತ್ತು ವರ್ಷ ಒಂದೇ ಒಂದು ಹಳೆಯ ಕೋಲಿನಿಂದ ಆಡಿದ್ದರಂತೆ.

ಆಡಿದ್ದೆಲ್ಲಿ ಎಂದರೆ ಜಲಾಶಯದ ಹೊಟ್ಟೆಯೊಳಗೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಮುಳುಗಿದ ಹಳೆಯ ಗುಡಿಯ ಗೋಡೆಗಳು ಹೊರಗೆ ಬಂದಾಗ, ಅದರಾಚೆ ಬಿರುಕು ಬಿಟ್ಟ ಮಣ್ಣಿನ ಬಯಲು ಬೀಳುತ್ತದೆ. ಅದರಲ್ಲಿ ಅವರು ಒಂಬತ್ತು ಕುಳಿ ತೋಡಿ, ನನ್ನ ಅಂಗಡಿಯಿಂದಲೇ ಒಯ್ದ ಪೈಪಿನ ತುಂಡುಗಳನ್ನು ಹುಗಿದು, ಹರಿದ ಪಂಚೆಯ ಚೂರುಗಳನ್ನು ನಿಶಾನೆಯಾಗಿ ಕಟ್ಟುತ್ತಿದ್ದರು. ಮಳೆ ಬಂದು ನೀರು ಏರಿದರೆ ಮೈದಾನ ಮುಳುಗುತ್ತಿತ್ತು. ಮರುವರ್ಷ ಮತ್ತೆ ತೋಡುತ್ತಿದ್ದರು. ಬಲೆ ಒಣಗಿಸುವ ಮೀನುಗಾರರು ಕೂಗುತ್ತಿದ್ದರು, "ಕಾಕಾ, ಹಾವ ಸತ್ತತೋ ಇಲ್ರಿ?" ಅವರು ಬಗ್ಗಿ ಚೆಂಡು ನೋಡುತ್ತಲೇ ಹೇಳುವರು: "ಇನ್ನ ಎರಡ ಏಟ ಬೇಕಾದಾವ ನೋಡು."

ಈ ಆಟದಲ್ಲಿ ಚೆಂಡನ್ನು ಕುಳಿಗೆ ಬೀಳಿಸಲು ಎಷ್ಟು ಹೊಡೆತ ಕಡಿಮೆಯೋ ಅಷ್ಟು ಒಳ್ಳೆಯದು. ಹೊಡೆತವನ್ನು ಆಡುವವನೇ ಎಣಿಸಿಕೊಳ್ಳಬೇಕು. ತಪ್ಪು ಮಾಡಿದರೆ ತನಗೆ ತಾನೇ ದಂಡ ಹಾಕಿಕೊಳ್ಳಬೇಕು. ನನಗೆ ಇದನ್ನು ಹೇಳಿಕೊಟ್ಟಾಗ ನಾನು ನಕ್ಕಿದ್ದೆ. "ಕಾಕಾ, ತೂಗಾಂವ್ನೂ ನಾವ, ತಗೊಳ್ಳಾಂವ್ನೂ ನಾವಂದ್ರ ಅದೆಂಥಾ ಪ್ಯಾಟಿರಿ?"

"ಪ್ಯಾಟಿ ಅಲ್ಲ ಅಂತನ ಆಡ್ತೇನಿ" ಎಂದಿದ್ದರು.

ಒಮ್ಮೆ ಎಮ್ಮೆ ಕೊಳ್ಳಲು ಮೂಡಲಗಿ ಸಂತೆಗೆ ಅವರನ್ನು ಕರೆದುಕೊಂಡು ಹೋದೆ. ಅವರ ಹೆಂಡತಿ, ನನ್ನ ಪಾಲಿನ ಕಾಕು, "ಇವ್ರನ್ನ ಒಬ್ಬರನ್ನ ಕಳಸಬ್ಯಾಡ ತಮ್ಮಾ, ಹಗ್ಗಕ್ಕೂ ಬ್ಯಾರೆ ರೊಕ್ಕಾ ಕೊಟ್ಟ ಬರ್ತಾರ" ಎಂದು ನನ್ನನ್ನು ಜೊತೆ ಮಾಡಿದ್ದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟಾವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಅದುಮುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗಬಾರದು. ನಾನು ಮಾರುವವನ ಬೆರಳು ಹಿಡಿದು ಇನ್ನೇನು ಇಳಿಸುತ್ತಿದ್ದೆ, ಇವರು ಎಮ್ಮೆಯ ಬೆನ್ನು ಸವರುತ್ತ ಗಟ್ಟಿಯಾಗಿ, "ಛಲೋ ಐತಿ ಬಿಡ್ರಿ, ಅವ್ನ ಬೆಲಿಗೇ ಹಿಡೀರಿ" ಎಂದುಬಿಟ್ಟರು. ಟಾವೆಲ್ಲು ಕೆಳಗೆ ಬಿತ್ತು. ಸಂತೆಯೆಲ್ಲ ನಕ್ಕಿತು. ದಾರಿಯುದ್ದಕ್ಕೂ ನಾನು ಬೈದೆ, ಅವರು ಎಮ್ಮೆಗೆ ಬಿಸಿಲು ತಾಗುತ್ತದೆ ಎಂದು ತಮ್ಮ ಛತ್ರಿಯನ್ನು ಅದರ ತಲೆಯ ಮೇಲೆ ಹಿಡಿದುಕೊಂಡು ಬಂದರು.

ಗೇಟು ಎತ್ತುವ ಮೊದಲು ಸೈರನ್ ಕೂಗಿಸಿದರೆ ಅವರ ಕೆಲಸ ಮುಗಿಯಿತು. ಅವರು ಸೈರನ್ ಕೂಗಿಸಿ, ಗಡಿಯಾರ ನೋಡಿ, ಮೆಟ್ಟಿಲು ಇಳಿದು ನದಿಯ ದಂಡೆಗೆ ಹೋಗಿ ಬಟ್ಟೆ ಒಗೆಯುವವರು ಯಾರಾದರೂ ಉಳಿದಿದ್ದಾರೆಯೇ ಎಂದು ನೋಡಿ ಬರುತ್ತಿದ್ದರು. ಇದನ್ನೆಲ್ಲ ಮಾಡಬೇಡಿ, ಮಣಕಾಲು ಹಾಳಾಗುತ್ತವೆ, ಪಗಾರ ಹೆಚ್ಚಾಗುವುದಿಲ್ಲ ಎಂದು ನಾನು ಬುದ್ಧಿ ಹೇಳಿದ್ದೆ. ಮಣಕಾಲು ಖಂಡಿತವಾಗಿ ಹಾಳಾದವು.

ಅವರ ಬದುಕಿನಲ್ಲಿ ಒಂದೇ ಒಂದು ಆಸೆ ಇತ್ತು. ಗಡಿಯಾಚೆ, ಘಟ್ಟದ ನೆತ್ತಿಯ ಮೇಲೆ ಹೆಸರಾದ ಗಾಲ್ಫ್ ಮೈದಾನವೊಂದಿದೆ. ಹಣ ಕಟ್ಟಿದ ಯಾರು ಬೇಕಾದರೂ ಅಲ್ಲಿ ಆಡಬಹುದು, ಆದರೆ ಬಹಳ ಕಠಿಣ ಎಂದು ಪ್ರಸಿದ್ಧಿ. ಮಿಲ್ಟ್ರಿಯಲ್ಲಿದ್ದಾಗ ಅಧಿಕಾರಿಗಳ ಚೀಲ ಹೊತ್ತು ಎರಡು ಸಲ ಅಲ್ಲಿಗೆ ಹೋಗಿದ್ದರು, ಒಂದು ಚೆಂಡನ್ನೂ ಹೊಡೆದಿರಲಿಲ್ಲ. ಹದಿನೆಂಟು ಕುಳಿಗಳನ್ನು ನೂರು ಹೊಡೆತದ ಒಳಗೆ ಮುಗಿಸಿದವನನ್ನು ಮಾತ್ರ ಇಲ್ಲಿ ಆಟಗಾರ ಎನ್ನಬೇಕು ಎಂದು ಒಬ್ಬ ಹಿರಿಯ ಅಧಿಕಾರಿ ಹೇಳಿದ್ದನಂತೆ. ಆ ಮಾತು ಇವರ ಎದೆಯಲ್ಲಿ ಕೂತುಬಿಟ್ಟಿತ್ತು. ನಿವೃತ್ತಿಯಾಗಿ ಆರು ವರ್ಷ ಕಳೆದ ಮೇಲೆ ಒಂದು ದಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು ಮಣಕಾಲು ಒತ್ತಿಕೊಳ್ಳುತ್ತ ಹೇಳಿದರು: "ಈ ಚಳಿಗಾಲ ಹೋಗಬೇಕ್ರಿ. ಮುಂದಿನ ವರ್ಷ ಆಗೂದಿಲ್ಲ. ಅಷ್ಟ ಗುಡ್ಡಾ ಏರಿ ಇಳ್ಯಾಕ ಇವು ಒಂದ ಸಲಕ್ಕ ಉಳದಾವ."

"ನಾ ಬರ್ತೇನಿ. ಚೀಲಾ ನಾ ಹೊರ್ತೇನಿ" ಎಂದೆ. ಖರೆ ಹೇಳಬೇಕೆಂದರೆ ಪ್ರೀತಿಯಿಂದಲೇ ಅಂದೆ.

ಗೋಕಾಕದಿಂದ ಎರಡು ಡಬ್ಬಿ ಕರದಂಟು ಕಟ್ಟಿಸಿಕೊಂಡು ಹೋಗಿದ್ದೆ. ಎಲ್ಲಿ ಹೋದರೂ ಒಯ್ಯುತ್ತೇನೆ. ಅಂಟು, ಒಣಕೊಬ್ಬರಿ, ಬೆಲ್ಲ ಬಾಯಿಯಲ್ಲಿರುವ ಮನುಷ್ಯ 'ಇಲ್ಲ' ಎನ್ನುವುದು ಕಷ್ಟ. ಅಲ್ಲಿ ಸರದಿ ನೋಡಿಕೊಳ್ಳುವವನಿಗೆ ಕೊಟ್ಟು ಮುಂಜಾನೆಯ ಮೊದಲ ಸರದಿ ಹಿಡಿದೆ. ಅವನು ಕರದಂಟು ಅಗಿಯುತ್ತ ಇವರನ್ನು ಮೇಲಿಂದ ಕೆಳಗೆ ನೋಡಿ ಮರಾಠಿಯಲ್ಲಿ, ಚೆಂಡು ಎಷ್ಟು ತಂದಿದ್ದೀರಿ ಎಂದು ಕೇಳಿದ. ಹನ್ನೆರಡು ಎಂದರು. "ಸಾಲುವುದಿಲ್ಲ" ಎಂದ. ಜೊತೆಗೆ ಆಡಲು ಒಬ್ಬ ನಿವೃತ್ತ ಮೇಷ್ಟ್ರನ್ನು ಕೊಟ್ಟ. ಒಬ್ಬರ ಹೊಡೆತವನ್ನು ಇನ್ನೊಬ್ಬರು ಕಾರ್ಡಿನ ಮೇಲೆ ಬರೆದು, ಕೊನೆಗೆ ಇಬ್ಬರೂ ಸಹಿ ಹಾಕುವುದು ಅಲ್ಲಿಯ ರೀತಿ.

ಆ ಮೈದಾನದ ಹುಲ್ಲು ನೋಡಿ ಇವರು ಚಪ್ಪಲಿ ಬಿಚ್ಚಲು ಹೋದರು. ನಾನು ತಡೆದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕಂದರ, ನಡುವೆ ಗಾಳಿ. ಮೊದಲ ಮೂರು ಕುಳಿಗಳಲ್ಲೇ ಎರಡು ಚೆಂಡು ಕಂದರಕ್ಕೆ ಹೋದವು. ನಾಲ್ಕನೆಯದರಲ್ಲಿ, ಹೊಡೆಯಲು ಕೋಲು ಇಡುವಾಗ ಚೆಂಡು ಒಂದು ಗೋದಿ ಕಾಳಿನಷ್ಟು ಅಲುಗಿತಂತೆ. ನನಗೆ ಕಾಣಲಿಲ್ಲ. ಮೇಷ್ಟ್ರು ಎಲ್ಲೋ ದೂರ. ಇವರು ಕೈಯೆತ್ತಿ ಕೂಗಿದರು: "ಮಾಸ್ತರ, ನನಗ ಒಂದ ದಂಡ ಬರೀರಿ."

"ಯಾರ ನೋಡ್ಯಾರ ಕಾಕಾ?" ಎಂದೆ.

"ನಾ ನೋಡೇನಲ್ಲ."

ಒಂಬತ್ತು ಕುಳಿ ಮುಗಿದಾಗ ಐವತ್ತೊಂದು ಆಗಿತ್ತು. ಆಮೇಲೆ ಅವರಿಗೆ ಏನೋ ಒಲಿಯಿತು. ಮಾತು ನಿಂತಿತು, ಕುಂಟು ಹೆಚ್ಚಾಯಿತು, ಚೆಂಡು ಮಾತ್ರ ನೆಟ್ಟಗೆ ಹೋಗತೊಡಗಿತು. ಹದಿನಾಲ್ಕು ಮುಗಿಯುವ ಹೊತ್ತಿಗೆ ನನ್ನ ಲೆಕ್ಕದಲ್ಲಿ ನೂರರ ಒಳಗೆ ಬರುವುದು ಕೂದಲೆಳೆಯ ಮೇಲಿತ್ತು.

ಹದಿನೈದನೆಯದರಲ್ಲಿ ಅವರ ಚೆಂಡು ಮರವೊಂದರ ಕಡೆ ಉರುಳಿತು. ಅವರು ಏರು ಹತ್ತಿ ಕುಳಿಯ ನಿಶಾನೆ ಎತ್ತ ಇದೆ ಎಂದು ನೋಡಲು ಹೋಗಿದ್ದರು. ಮೇಷ್ಟ್ರು ತಮ್ಮ ಚೆಂಡು ಹುಡುಕುತ್ತಿದ್ದರು. ಚೀಲ ಹೊತ್ತ ನಾನು ಮರದ ಬುಡಕ್ಕೆ ಮೊದಲು ಬಂದೆ. ಎರಡು ಬೇರುಗಳ ನಡುವೆ ಒಣ ಮಣ್ಣಿನ ಬಿರುಕಿನಲ್ಲಿ ಚೆಂಡು ಕೂತಿತ್ತು.

ನಮ್ಮ ಪೇಟೆಯಲ್ಲಿ ತೂಕ ಮುಗಿದ ಮೇಲೆ ಮೇಲೊಂದು ಹಿಡಿ ಹಾಕುತ್ತಾರೆ, ಕೊಸರು ಅಂತ. ಮೆಣಸಿನಕಾಯಿ ಇರಲಿ, ಕಡಲೆ ಇರಲಿ, ಕೊಸರು ಬೀಳದೆ ಗಿರಾಕಿ ಚೀಲ ಮಡಚುವುದಿಲ್ಲ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಕೊಡುವವನ ಮನಸ್ಸು ದೊಡ್ಡದು ಎನ್ನುತ್ತಾರೆ. ಜೀವನದಲ್ಲಿ ಒಮ್ಮೆಯೂ ಕೊಸರು ಕೇಳದ ಮನುಷ್ಯ ಇವರು. ನನ್ನ ಕಾಲು ತಾನಾಗಿ ಮುಂದೆ ಹೋಯಿತು ಎಂದು ಬರೆಯಬಹುದು, ಆದರೆ ಹಾಗಾಗಲಿಲ್ಲ. ನಾನು ಸುತ್ತಲೂ ನೋಡಿದೆ. ಆಮೇಲೆ ಬಲಗಾಲಿನ ಚಪ್ಪಲಿಯಿಂದ ಚೆಂಡನ್ನು ಒಂದು ಮೊಳ ಸರಿಸಿ ಹುಲ್ಲಿನ ಮೇಲೆ ಬಿಟ್ಟೆ.

ಅವರು ಬಂದರು. "ಅರೆ, ಛಲೋ ಜಾಗಾದಾಗ ಐತಲ್ರಿ!"

"ನಸೀಬ ಕಾಕಾ."

ಹೊಡೆದರು. ಚೆಂಡು ನೇರ ಕುಳಿಯ ಹತ್ತಿರ ಹೋಗಿ ನಿಂತಿತು.

ಒಟ್ಟು ತೊಂಬತ್ತೊಂಬತ್ತು. ಮೇಷ್ಟ್ರು ಎರಡು ಸಲ ಕೂಡಿಸಿ ನೋಡಿ, ಸಹಿ ಮಾಡಿ, ಇವರನ್ನು ತಬ್ಬಿಕೊಂಡರು. ಇವರೂ ಸಹಿ ಹಾಕಿದರು. ಹುಲ್ಲಿನ ಮೇಲೆ ಕುಳಿತು, ಟೊಪ್ಪಿಗೆ ತೆಗೆದು ಮುಖ ಮುಚ್ಚಿಕೊಂಡರು. ನಾನು ಕಾರ್ಡಿನ ಫೋಟೋ ತೆಗೆದು ನಮ್ಮ ವಾಟ್ಸ್ಯಾಪ್ ಗುಂಪುಗಳಿಗೆಲ್ಲ ಕಳಿಸಿಬಿಟ್ಟೆ. ನಾವು ಚಹಾ ಕುಡಿದು ಏಳುವಷ್ಟರಲ್ಲಿ ಹತ್ತರಗಿಯಿಂದ ಫೋನ್ ಬಂತು: ಹೆದ್ದಾರಿಯ ಕ್ರಾಸಿನಲ್ಲಿ ಹಾರ, ಹಲಗೆ ವಾದ್ಯ ಸಿದ್ಧವಾಗುತ್ತಿವೆ.

ಮಧ್ಯಾಹ್ನದ ಬಸ್ಸು. ಕಿಟಕಿಯ ಹತ್ತಿರ ಕುಳಿತು ಅವರು ಒಂದೊಂದು ಕುಳಿಯನ್ನೂ ಮತ್ತೆ ಆಡಿದರು, ಬೆರಳಿನಿಂದ, ಮುಂದಿನ ಸೀಟಿನ ಬೆನ್ನ ಮೇಲೆ. ಹದಿನೈದನೆಯದಕ್ಕೆ ಬಂದಾಗ, "ಅಲ್ಲೊಂದ ದೇವ್ರ ಕಣ್ಣ ತಗದಾ" ಎಂದರು. ನನ್ನಿಂದ ತಡೆಯಲಾಗಲಿಲ್ಲ. ಉಪಕಾರ ಮಾಡಿದ ವ್ಯಾಪಾರಿ ಅದನ್ನು ಹೇಳದೆ ಇರಲಾರ. ಅವರ ತೊಡೆಗೆ ತಟ್ಟಿ, "ದೇವ್ರ ಅಲ್ರಿ ಕಾಕಾ, ನಾನು" ಎಂದು ನಗುತ್ತ ಹೇಳಿದೆ.

ಅವರು ನಗಲಿಲ್ಲ. "ಎಲ್ಲಿತ್ತು?" ಎಂದರು.

"ಬೇರಿನ ನಡಕ, ಬಿರಕಿನ್ಯಾಗ."

"ಎಷ್ಟ ಸರಿಸೀರಿ?"

"ಒಂದ ಮೊಳಾ. ಅದೇನ್ ದೊಡ್ಡದ್ರಿ?"

ಅವರು ಸೀಟಿನ ಬೆನ್ನಿನಿಂದ ಬೆರಳು ತೆಗೆದರು. ಆಮೇಲೆ ಮೆಲ್ಲಗೆ, "ಬಿರಕಿನ್ಯಾಗಿಂದ ಹೊಡ್ಯಾಕ ನನಗ ಬರ್ತಿತ್ರಿ. ಇಪ್ಪತ್ತೆಂಟ ಬ್ಯಾಸಗಿ ಅದನ್ನ ಮಾಡೇನಿ. ಆ ಸಾಹೇಬರಿಗೆ ಯಾರಿಗೂ ಬರಲಾರದ ಏಟ ಅದೊಂದ ನನ್ನ ಕೈಯಾಗಿತ್ತು" ಎಂದರು. ಜೇಬಿನಿಂದ ಕಾರ್ಡು ತೆಗೆದು ನೋಡಿ ಮತ್ತೆ ಇಟ್ಟರು. "ಬ್ಯಾರೆ ಜಾಗಾದಿಂದ ಹೊಡದ್ರ ಎರಡ ದಂಡ. ನೂರಾ ಒಂದು."

"ಯಾರಿಗೆ ಗೊತ್ತಾಗ್ತೈತಿ ಕಾಕಾ?"

ಆ ಪ್ರಶ್ನೆಗೆ ಅವರು ಅವತ್ತೇ ಮುಂಜಾನೆ ಉತ್ತರ ಕೊಟ್ಟಾಗಿತ್ತು.

ಕ್ರಾಸಿನಲ್ಲಿ ಹಲಗೆ ಬಾರಿಸುತ್ತಿದ್ದರು. ಒಬ್ಬ ಹಿರಿಯರು ಪೇಟ ಹಿಡಿದು ನಿಂತಿದ್ದರು. ಇವರು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ, "ಹಾರಾ ಬ್ಯಾಡ್ರಿ. ತೊಂಬತ್ತೊಂಬತ್ತ ಅಲ್ಲ, ನೂರಾ ಒಂದು" ಎಂದರು.

ಹಲಗೆ ನಿಂತಿತು. "ಅಲ್ರಿ, ಫೋಟೋದಾಗ ತೊಂಬತ್ತೊಂಬತ್ತ ಐತಿ."

"ಅದು ತಪ್ಪೈತಿ."

"ಸಹಿ ಯಾರ್ದ್ರಿ?"

"ನಂದ."

ಅಷ್ಟೇ. ಹಿಂದೆ ಚೀಲ ಹೊತ್ತು ನಿಂತಿದ್ದ ನನ್ನ ಕಡೆ ಅವರು ತಿರುಗಲೂ ಇಲ್ಲ. ನಾನು ಆಗ ಒಂದು ಮಾತು ಹೇಳಬಹುದಿತ್ತು. ಆದರೆ ನನ್ನ ತಲೆಯೊಳಗೆ ಅಂಗಡಿ ಓಡುತ್ತಿತ್ತು. ಚೆಂಡನ್ನು ಕಾಲಿನಿಂದ ಸರಿಸಿದವನು ತಕ್ಕಡಿಯಲ್ಲಿ ಏನು ಮಾಡುತ್ತಾನೋ ಎಂದು ನಾಳೆ ಜನ ಕೇಳಿದರೆ? ನನ್ನದು ನಂಬಿಕೆಯ ಮೇಲಿನ ವ್ಯಾಪಾರ. ಸುಮ್ಮನೆ ನಿಂತೆ.

ಊರು ತನ್ನ ಲೆಕ್ಕ ತಾನು ಹಾಕಿತು: ಮುದುಕ ಎರಡು ಹೊಡೆತ ನುಂಗಿ ಬರೆದಿದ್ದ, ದಾರಿಯಲ್ಲಿ ಹೆದರಿ ಒಪ್ಪಿಕೊಂಡ. ಚಹಾದಂಗಡಿಯಲ್ಲಿ ಅವರು ಕೂತರೆ, "ಕಾಕಾಗ ಸಕ್ಕರಿ ಎರಡ ಚಮಚಾ ಹಾಕ್ರಿ, ಒಂದೂ ಬರಕೋಬ್ಯಾಡ್ರಿ" ಎಂದು ಯಾರಾದರೂ ಅನ್ನುವರು. ನಾನೂ ಅಲ್ಲಿ ಇದ್ದಾಗ ಒಮ್ಮೆ ಹಾಗೆ ಅಂದರು. ಅವರು ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದರು. ಆಮೇಲೆ ಅತ್ತ ಬರುವುದನ್ನೇ ಬಿಟ್ಟರು. ಆ ಮೈದಾನಕ್ಕೂ ಕಾಗದ ಬರೆದು ತಮ್ಮ ಕಾರ್ಡು ರದ್ದು ಮಾಡಿಸಿಕೊಂಡರು.

ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ. ಮನೆಗೆ ಹೋದರೆ "ಬರ್ರಿ, ಕುಂದರ್ರಿ" ಎನ್ನುತ್ತಿದ್ದರು. "ಮತ್ತೊಮ್ಮೆ ಹೋಗೂಣು ಕಾಕಾ, ಎಲ್ಲಾ ಖರ್ಚು ನಂದು" ಎಂದು ಎಷ್ಟು ಸಲ ಹೇಳಿದೆನೋ. ಅವರು ಮಣಕಾಲಿನ ಮೇಲೆ ಕೈಯಿಟ್ಟು ಸುಮ್ಮನೆ ನಗುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ನಾನೇ ಜಲಾಶಯದ ಕಡೆ ಹೋಗಿ ನೋಡಿದೆ. ಗುಡಿ ಹೊರಗೆ ಬಂದಿತ್ತು. ಬಯಲಿನಲ್ಲಿ ಒಂದು ಕುಳಿಯೂ ಇರಲಿಲ್ಲ.

ಉಪಕಾರ ಮಾಡಿದರೆ ಬಾಯಿ ಮುಚ್ಚಿಕೊಂಡಿರಿ ಎಂದು ಆಮೇಲಿನ ಮೂರು ವರ್ಷ ಎಷ್ಟೋ ಜನರಿಗೆ ಬುದ್ಧಿ ಹೇಳಿದೆ. ಸರಿಸಿದ್ದು ತಪ್ಪಲ್ಲ, ಹೇಳಿದ್ದು ತಪ್ಪು ಎಂದೇ ನಂಬಿದ್ದೆ. ಈ ಬುದ್ಧಿಯನ್ನು ಇಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಈ ಸಲ ಮಳೆಗೆ ಮೊದಲು ಒಂದು ದಿನ ಕಾಕಾ ಎದೆ ನೋವೆಂದು ಕುಳಿತವರು ಏಳಲಿಲ್ಲ. ಸಮಾಧಿಯಾಗಿ ಕೆಲವು ದಿನಕ್ಕೆ ಅವರ ಮನೆಯ ಅಂಗಳದಲ್ಲಿ ಸಣ್ಣ ಸಭೆ. ಮಾತಾಡಲು ನಿಂತವರೊಬ್ಬರು ಮರ್ಯಾದೆಗಾಗಿ, "ಗಾಲ್ಫ್‌ದಾಗ ತೊಂಬತ್ತೊಂಬತ್ತ ಹೊಡದ ನಮ್ಮೂರ ಮನಷ್ಯಾ" ಎಂದರು. ಹಿಂದೆ ಯಾರೋ ಕಿಸಕ್ಕೆಂದರು. ನಾನು ಎದ್ದು ನಿಂತೆ. "ತೊಂಬತ್ತೊಂಬತ್ತ ಅಲ್ರಿ, ನೂರಾ ಒಂದು. ಅವ್ರ ಬಾಯಿಂದ ಅವ್ರ ಹೇಳಿದ್ದು. ಅಂಥಾ ಖರೆ ಮನಷ್ಯಾ." ಜನ ತಲೆದೂಗಿದರು. ಮೂರು ವರ್ಷದ ಭಾರ ಇಳಿಸಿದಂತೆ ಕುಳಿತೆ.

ಸಭೆ ಮುಗಿದ ಮೇಲೆ ಮನೆಯೊಳಗೆ ಹೋದೆ. ಕಾಕು ನೀರು ತಂದು ಕೊಟ್ಟು ಎದುರಿಗೆ ಕುಳಿತರು.

"ಸಾವಕಾರ್ರ, ಇವತ್ತ ಎದ್ದ ನಿಂತು ನೂರಾ ಒಂದು ಅಂದ್ರಿ."

"ಹೌದ ಕಾಕು, ಖರೆ ಹೇಳಬೇಕಲ್ರಿ."

"ಯಾಕ ನೂರಾ ಒಂದಾತು ಅನ್ನೂದನ್ನ ಹೇಳಲಿಲ್ಲ."

"ಕಾಕಾ ನಿಮ್ಮ ಮುಂದ ಹೇಳಿದ್ರೇನ್ರಿ?"

"ಅವ್ರು ಯಾರ ಮುಂದೂ ಹೇಳಲಿಲ್ಲ. ಮೂರ ವರ್ಷ ನೀವು ಈ ಮನಿಗೆ ಬಂದಾಗೆಲ್ಲಾ ಯಾರೂ ಕೇಳಲಾರದನ ಖರ್ಚು ನಂದು, ಖರ್ಚು ನಂದು ಅಂತಿದ್ರಿ. ನಾ ಎಮ್ಮಿ ಕಟಗೊಂಡ ಹಾಲ ಮಾರಾಕಿ. ಅಷ್ಟ ತಿಳಿಯೂದಿಲ್ಲೇನ್ರಿ ನನಗ?" ಕಣ್ಣಲ್ಲಿ ನೀರಿರಲಿಲ್ಲ. "ಅವ್ರನ್ನ ಕಳ್ಳ ಅಂದ್ರು. ನೀವು ಅಲ್ಲೇ ಕುಂತ ಚಾ ಕುಡದ್ರಿ."

ಹದಿನೈದನೆಯ ಕುಳಿಯ ಹತ್ತಿರ ಆ ಚೆಂಡು ಸರಿಸಿದವನು ನಾನು. ಕಾರ್ಡಿನ ಮೇಲಿದ್ದ ತೊಂಬತ್ತೊಂಬತ್ತೂ ಅವರವೇ. ಮೇಲಿನ ಎರಡು ನನ್ನವು. ಇದನ್ನು ಅಲ್ಲೇ ಕಾಕುವಿಗೆ ಹೇಳಬೇಕಿತ್ತು, ಅಂಗಳಕ್ಕೆ ಬಂದು ಇನ್ನೂ ಚದುರದೆ ನಿಂತಿದ್ದ ಜನರಿಗೆ ಹೇಳಬೇಕಿತ್ತು. ನೀರಿನ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದುಬಿಟ್ಟೆ. ಬರೆಯುವುದು ಸುಲಭ. ಎದುರಿಗೆ ಯಾರೂ ಕುಳಿತಿರುವುದಿಲ್ಲ.